ತುಂಬಿದ ಮೇಲ್‌ಪೆಟ್ಟಿಗೆಯೂ ಕ್ಯಾಲೆಂಡರಿನ ಹೇಳಿಕೆಯೂ

ನಿಮಗೆ ಲಾಟರಿಯಲ್ಲಿ ಕೋಟಿ ಬಂದಿದೆ, ಕೂಡಲೇ ವಿವರ ಕಳಿಸಿ ಎಂದು ಬರುವ ಮೋಸದ ಮೇಲ್‌ಗಳನ್ನು ನೀವು ಏನು ಮಾಡುತ್ತೀರಿ? ಅಳಿಸುತ್ತೀರಿ. ನಾನೂ ಅಳಿಸುತ್ತೇನೆ. ಆದರೆ ಅಂಥದ್ದಕ್ಕೂ "ಮಾನ್ಯರೇ, ತಮ್ಮ ಪತ್ರ ತಲುಪಿತು, ಸಂತೋಷ. ನಮಗೆ ಸದ್ಯಕ್ಕೆ ಕೋಟಿಯ ಅಗತ್ಯ ಕಾಣುವುದಿಲ್ಲ. ನಿಮ್ಮಲ್ಲಿ ಈ ವರ್ಷ ಮಳೆ ಹೇಗೆ?" ಎಂದು ಉತ್ತರ ಬರೆದವರು ಈ ಭೂಮಂಡಲದಲ್ಲಿ ಒಬ್ಬರೇ ಇರಬೇಕು. ಅವರ ಕೈಕೆಳಗೆ ನಾನು ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ! ನನ್ನ ತಲೆಯಲ್ಲಿ ಇನ್ನೂ ಒಂದಷ್ಟು ಕಪ್ಪು ಕೂದಲು ಉಳಿದಿರುವುದು ದೊಡ್ಡ ಸಂಗತಿ.

ನಮ್ಮದು ಮಣ್ಣು ಪರೀಕ್ಷೆಯ ಕಚೇರಿ. ಮುಖ್ಯ ಕಚೇರಿ ಪುತ್ತೂರಿನಲ್ಲಿ, ಸುಳ್ಯದಲ್ಲೊಂದು ಶಾಖೆ, ಕಡಬದಲ್ಲೊಂದು. ತೋಟದವರು ಮಣ್ಣನ್ನು ಪೊಟ್ಟಣ ಕಟ್ಟಿ ತಂದುಕೊಡುತ್ತಾರೆ. ಹುಳಿ ಎಷ್ಟಿದೆ, ಸುಣ್ಣ ಎಷ್ಟು ಹಾಕಬೇಕು, ಪೊಟ್ಯಾಷ್ ಎಷ್ಟು ಎಂದು ನಾವು ರಿಪೋರ್ಟು ಕೊಡುತ್ತೇವೆ. ನಾನು ಹೇಳಹೊರಟ ಮಹಾನುಭಾವರು ಇದರ ಮ್ಯಾನೇಜರು. ಹೆಸರು ಬೇಡ. ಸಂಬಂಧದಲ್ಲಿ ನನಗೆ ಮಾವನಾಗಬೇಕು. ನನ್ನ ಅಮ್ಮನ ದೊಡ್ಡಪ್ಪನ ಮಗಳ ಮೈದುನನೋ ಏನೋ. ನಮ್ಮ ಸುಳ್ಯದ ಕಡೆಯವರು ಎರಡು ನಿಮಿಷ ನಿಂತು ಮಾತಾಡಿದರೆ ಯಾರು ಬೇಕಾದರೂ ಯಾರಿಗೆ ಬೇಕಾದರೂ ಮಾವನಾಗುತ್ತಾರೆ! ಕಚೇರಿಯಲ್ಲಿ ಮಾತ್ರ ನಾನು "ಸರ್" ಎಂದೇ ಕರೆಯುವುದು.

ಬಂದ ಪತ್ರಕ್ಕೆ ಉತ್ತರ ಹಾಕದಿರುವುದು ಅವರ ಲೆಕ್ಕದಲ್ಲಿ ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದ ಹಾಗೆ. ಒಮ್ಮೆ ಗೊಬ್ಬರದ ಕಂಪೆನಿಯ ಅಧಿಕಾರಿಯೊಬ್ಬರಿಗೆ ಏನೋ ಕೇಳಿ ಬರೆದರು. "ನಾನು ರಜೆಯಲ್ಲಿದ್ದೇನೆ, ಸೋಮವಾರ ಬರುತ್ತೇನೆ" ಎಂದು ತಕ್ಷಣ ಉತ್ತರ ಬಂತು. ಅದು ಯಂತ್ರ ತಾನಾಗಿ ಕಳಿಸುವ ಉತ್ತರ ಎಂದು ಇವರಿಗೆ ಹೊಳೆಯಬೇಕಲ್ಲ! "ಆಗಲಿ, ಆರಾಮವಾಗಿ ಬನ್ನಿ" ಎಂದು ಬರೆದರು. ಯಂತ್ರ ಪುನಃ "ನಾನು ರಜೆಯಲ್ಲಿದ್ದೇನೆ" ಎಂದಿತು. "ತಿಳಿಯಿತು, ಮನೆಯವರಿಗೆಲ್ಲ ನಮಸ್ಕಾರ ಹೇಳಿ" ಎಂದು ಇವರು. ಹೀಗೆ ಹದಿನಾಲ್ಕು ಸಲ! ನಾನು ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರೆ ಇವರು ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು:

"ಪಾಪ ಮಾರಾಯ್ತಿ, ಹೆಂಡ್ತಿ ಮಕ್ಕಳ ಒಟ್ಟಿಗೆ ತಿರುಗ್ಲಿಕ್ಕೆ ಹೋದವ, ನಾನು ಬರೆದ ಕೂಡ್ಲೇ ಉತ್ತರ ಹಾಕ್ತಾನೆ. ಅಂಥ ನಿಯತ್ತು ಈಗ ಯಾರಿಗುಂಟು? ನೀನು ಎರಡು ದಿನ ರಜೆ ಹಾಕಿದ್ರೆ ಫೋನೇ ಎತ್ತುದಿಲ್ಲ!"

ಇಂಥವರ ಕೈಗೆ ಕಚೇರಿಯ ಮೇಲ್ ಸಿಕ್ಕಿದರೆ ಏನಾಗಬಹುದು ಎಂದು ನೀವೇ ಊಹಿಸಿ. ನಮಗೆ ಎಲ್ಲರಿಗೂ ಬೇರೆ ಬೇರೆ ಐಡಿ ಇದೆ, ಆದರೆ ಮೇಲ್ ತುಂಬಿಡುವ ಜಾಗ ಮಾತ್ರ ಮೂರು ಊರಿಗೂ ಸೇರಿ ಒಂದೇ. ಒಂದೇ ಟ್ಯಾಂಕಿನಿಂದ ಮೂರು ಮನೆಗೆ ಪೈಪು ಎಳೆದ ಹಾಗೆ. ಎಂದೋ ಕಾಲದಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ ಪಾಪಕ್ಕೆ ಆ ಟ್ಯಾಂಕಿನ ಉಸ್ತುವಾರಿ ನನಗೆ ಬಿದ್ದಿದೆ. ಪರದೆಯ ಎಡಗಡೆ ಕೆಳಗೆ ಒಂದು ಸಣ್ಣ ಪಟ್ಟಿ. ಜಾಗ ತುಂಬುತ್ತಾ ಹೋದ ಹಾಗೆ ಅದು ನೀಲಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತದೆ. ಕಳೆದ ಮಾರ್ಚಿನಲ್ಲಿ ಅದು ಕೆಂಪಾಗಿ ಶೇಕಡಾ ತೊಂಬತ್ತನಾಲ್ಕು ತೋರಿಸುತ್ತಿತ್ತು. ನೂರಾದರೆ ಮುಗಿಯಿತು, ಹೊಸ ಮೇಲ್ ಒಂದೂ ಒಳಗೆ ಬರುವುದಿಲ್ಲ, ಬಂದದ್ದು ಕಳಿಸಿದವರಿಗೇ ವಾಪಸ್.

ತುಂಬದೆ ಇನ್ನೇನು? ಒಬ್ಬೊಬ್ಬ ತೋಟದವನೂ ಹಳದಿಯಾದ ಅಡಿಕೆ ಸೋಗೆಯ ಹನ್ನೆರಡು ಫೋಟೋ ಕಳಿಸುತ್ತಾನೆ. ನೆಲ್ಯಾಡಿಯ ರಬ್ಬರ್ ತೋಟದವರೊಬ್ಬರು ಇಡೀ ತೋಟದಲ್ಲಿ ನಡೆಯುತ್ತಾ ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ವಿವರಿಸಿದ ಇಪ್ಪತ್ತೆರಡು ನಿಮಿಷದ ವಿಡಿಯೋ ಕಳಿಸಿದ್ದರು. ಅದೊಂದನ್ನಾದರೂ ಅಳಿಸುವ ಎಂದು ಕೇಳಿದೆ.

"ಪೂರ್ತಿ ನೋಡಿದ್ದೀಯಾ ನೀನು?" ಎಂದರು.

"ಇಲ್ಲ ಸರ್."

"ಹದಿನೆಂಟನೇ ನಿಮಿಷದಲ್ಲಿ ಅವರ ಹೆಂಡ್ತಿ ಚಾ ಕುಡಿಲಿಕ್ಕೆ ಕರೀತಾರೆ. 'ಆ ಆಫೀಸಿನ ಸಾರಿಗೂ ಒಮ್ಮೆ ಬರ್ಲಿಕ್ಕೆ ಹೇಳಿ' ಅಂತಾರೆ. ಅಷ್ಟು ಪ್ರೀತಿಯಲ್ಲಿ ಕರೆದದ್ದನ್ನು ಅಳಿಸುದಾ?"

ಅಳಿಸಲಿಲ್ಲ. ಅಷ್ಟಕ್ಕೇ ನಿಲ್ಲಲೂ ಇಲ್ಲ. ಮರುವಾರ ಸ್ಕೂಟರ್ ಹತ್ತಿ ನೆಲ್ಯಾಡಿಗೆ ಹೋಗಿ ಚಾ ಕುಡಿದು, ಬರುವಾಗ ಎರಡು ಮರಗೆಣಸು ಹಿಡಿದುಕೊಂಡು ಬಂದರು!

ನಾನು ಸುಮ್ಮನೆ ಕೂರುವವಳಲ್ಲ. ದಿನಾ ಬೆಳಿಗ್ಗೆ ಅವರು ಲ್ಯಾಬಿಗೆ ಹೋದ ಹೊತ್ತಿಗೆ ಅವರ ಮೇಲ್ ತೆರೆದು (ಪಾಸ್‌ವರ್ಡನ್ನು ಕ್ಯಾಲ್ಕುಲೇಟರಿನ ಬೆನ್ನಿಗೆ ಅಂಟಿಸಿದ್ದಾರೆ, ದೇಶದ ಗುಟ್ಟಲ್ಲ) ಇನ್ನೂರು ಮುನ್ನೂರು ಮೇಲ್ ತೆಗೆದು ಕಸದ ಬುಟ್ಟಿಗೆ ಹಾಕುತ್ತಿದ್ದೆ. ಬುಟ್ಟಿಯನ್ನು ಸಂಜೆ ಒಟ್ಟಿಗೆ ಖಾಲಿ ಮಾಡಿದರಾಯಿತು ಎಂದು ನನ್ನ ಲೆಕ್ಕ. ಆದರೆ ಮನುಷ್ಯ ಸಂಜೆ ನಾಲ್ಕಕ್ಕೆ ಚಾ ಕುಡಿಯುತ್ತಾ ಮೊದಲು ತೆರೆಯುವುದೇ ಆ ಬುಟ್ಟಿಯನ್ನು! "ಅಯ್ಯೋ, ಇವರು ಇಲ್ಲಿ ಬಿದ್ದಿದ್ದಾರಲ್ಲ! ಯಾರು ದೂಡಿ ಹಾಕಿದ್ದು?" ಎಂದು ಒಬ್ಬೊಬ್ಬರನ್ನೇ ಎತ್ತಿ ಮೇಲೆ ತಂದು ಕೂರಿಸುತ್ತಿದ್ದರು. ಐದು ಗಂಟೆಗೆ ನಾನು ನೋಡಿದರೆ ಮುನ್ನೂರಕ್ಕೆ ಮುನ್ನೂರೂ ಸ್ವಸ್ಥಾನದಲ್ಲಿ. ಮೇಲಿಂದ ಎತ್ತಿದವರಿಗೆಲ್ಲ "ಕ್ಷಮಿಸಿ, ಕೈತಪ್ಪಿ ಆಯಿತು" ಎಂದು ಹೊಸ ಮೇಲ್ ಬೇರೆ. ತೊಂಬತ್ತನಾಲ್ಕು ತೊಂಬತ್ತೈದಾಯಿತು.

ಅವರನ್ನು ಬೈಯಲಿಕ್ಕೂ ಕಷ್ಟ. ಲ್ಯಾಬಿನ ಹಿಂದಿನ ಕೋಣೆಯಲ್ಲಿ ಪರೀಕ್ಷೆ ಮುಗಿದ ಮಣ್ಣನ್ನೂ ಹೀಗೇ ಇಟ್ಟಿದ್ದಾರೆ, ಪೊಟ್ಟಣದ ಮೇಲೆ ಹೆಸರು ಬರೆದು, ಸಾಲಾಗಿ. ನಾನು ಎಷ್ಟೋ ಸಲ ಗೊಣಗಿದ್ದೆ. ಒಂದು ದಿನ ಕೆದಂಬಾಡಿಯ ಮುದುಕರೊಬ್ಬರು ಬಂದು, ಆರು ವರ್ಷದ ಹಿಂದೆ ಕೊಟ್ಟ ಮಣ್ಣು ಉಂಟಾ, ಈಗಿನದ್ದಕ್ಕೆ ಹೋಲಿಸಿ ನೋಡಬೇಕಿತ್ತು ಎಂದರು. ಮ್ಯಾನೇಜರು ಒಳಗೆ ಹೋಗಿ ಎರಡೇ ನಿಮಿಷದಲ್ಲಿ ಪೊಟ್ಟಣ ಹಿಡಿದು ಬಂದರು. ಆ ಮುದುಕರ ಖುಷಿ ನೋಡಬೇಕಿತ್ತು! ಆಮೇಲೆ ಒಂದು ವಾರ ಮ್ಯಾನೇಜರು ನನ್ನನ್ನು ನೋಡಿದಾಗೆಲ್ಲ ಹಿಂದಿನ ಕೋಣೆಯ ಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದರು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಅದೇ ಹೆಚ್ಚು ಉರಿಯುವುದು.

ಇಷ್ಟು ವರ್ಷ ಇದನ್ನೆಲ್ಲ ನಗುತ್ತಾ ಸಹಿಸಿದವಳಿಗೆ ಆ ಮಾರ್ಚಿನಲ್ಲಿ ಮಾತ್ರ ಆ ಕೆಂಪು ಪಟ್ಟಿ ನೋಡಿದರೆ ನಗು ಬರುತ್ತಿರಲಿಲ್ಲ. ಕಾರಣ ಹೇಳಿಬಿಡುತ್ತೇನೆ. ನನ್ನ ಎಡಗಡೆಯ ಕಂಕುಳ ಹತ್ತಿರ ಒಂದು ಗಂಟು ಕೈಗೆ ಸಿಕ್ಕಿತ್ತು. ಗೋಡಂಬಿಯಷ್ಟು. ಒಂದು ವಾರ ಮುಟ್ಟಿ ಮುಟ್ಟಿ ನೋಡಿದೆ. ಮುಟ್ಟಿದರೆ ಕರಗುವುದುಂಟೇ? ಕೊನೆಗೆ ಕಚೇರಿ ಕೆಲಸವೆಂದು ಮನೆಯಲ್ಲಿ, ಮನೆ ಕೆಲಸವೆಂದು ಕಚೇರಿಯಲ್ಲಿ ಹೇಳಿ ಒಬ್ಬಳೇ ಮಂಗಳೂರಿಗೆ ಹೋಗಿ ತೋರಿಸಿದೆ. ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಮೇಲ್‌ನಲ್ಲಿ ಬರುತ್ತದೆ, ಐಡಿ ಕೊಡಿ ಎಂದರು.

ಯಾವ ಐಡಿ ಕೊಡುವುದು? ನನ್ನ ಫೋನು ಹೆಸರಿಗೆ ಮಾತ್ರ ನನ್ನದು. ಮಗಳಿಗೆ ಹತ್ತನೆಯ ಪರೀಕ್ಷೆ ನಡೆಯುತ್ತಿತ್ತು, ಮನೆಗೆ ಹೋದ ಕೂಡಲೇ ಪಾಠ, ಹಳೆಯ ಪ್ರಶ್ನೆಪತ್ರಿಕೆ ಎಂದು ಅದು ಅವಳ ಕೈಯಲ್ಲಿ. ಪರೀಕ್ಷೆಯ ಮಧ್ಯೆ ಅಮ್ಮನ ಗಂಟಿನ ರಿಪೋರ್ಟು ಅವಳ ಕಣ್ಣಿಗೆ ಬಿದ್ದರೆ? ಗಂಡನಿಗೆ ಹೇಳೋಣವೆಂದರೆ ಅವರಿಗೆ ನಮ್ಮ ಮನೆಯಿರುವ ಬೆಳ್ಳಾರೆಯಲ್ಲೇ ಬಲ್ಬು ವಯರು ಮಾರುವ ಅಂಗಡಿ, ಕರೆಂಟಿಗೆ ಹೆದರುವುದಿಲ್ಲ, ಆದರೆ ಮಗಳಿಗೆ ನೆಗಡಿಯಾದರೆ ಇವರಿಗೆ ಜ್ವರ ಬರುತ್ತದೆ. ಅವರ ಮೋರೆ ನೋಡಿಯೇ ಮಗಳಿಗೆ ಗೊತ್ತಾಗುತ್ತದೆ. ಮುಂದಿನ ಸೋಮವಾರ ಕೊನೆಯ ಪರೀಕ್ಷೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಬೇಕೆಂದು ನಿಶ್ಚಯಿಸಿ ಕಚೇರಿಯ ಐಡಿ ಕೊಟ್ಟು ಬಂದಿದ್ದೆ. ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು, ಶೇಕಡಾ ತೊಂಬತ್ತೈದು!

ಈಗ ನನ್ನ ಅವಸ್ಥೆ ಯೋಚಿಸಿ. ನನ್ನ ಜೀವದ ಸುದ್ದಿ ಬರಬೇಕಾದ ಪೆಟ್ಟಿಗೆಯಲ್ಲಿ ಲಾಟರಿಯವರು, ರಜೆಗೆ ಹೋದ ಗೊಬ್ಬರದವರು, ನೆಲ್ಯಾಡಿಯ ರಬ್ಬರ್ ಮರಗಳು ಎಲ್ಲ ಕಾಲು ಚಾಚಿ ಮಲಗಿದ್ದಾರೆ, ನನಗೆ ಮಾತ್ರ ನಿಲ್ಲಲೂ ಜಾಗವಿಲ್ಲ! ಗಂಟೆಗೊಮ್ಮೆ ಪಟ್ಟಿ ನೋಡುತ್ತಿದ್ದೆ. ಒಂದು ಕೈ ಮೌಸಿನ ಮೇಲೆ, ಇನ್ನೊಂದು ಕೈ ತಾನಾಗಿ ಸೆರಗಿನೊಳಗೆ ಹೋಗಿ ಗಂಟು ಅಲ್ಲೇ ಇದೆಯಾ ಎಂದು ನೋಡುತ್ತಿತ್ತು. ಎರಡೂ ಕಡೆ ಇಳಿಯುವ ಲಕ್ಷಣ ಇರಲಿಲ್ಲ. ತೋಟದವರು ಫೋನು ಮಾಡಿ "ಮೇಡಂ, ನನ್ನ ರಿಪೋರ್ಟು ಬಂತಾ?" ಎಂದು ದಿನಕ್ಕೆ ಮೂರು ಸಲ ಕೇಳಿದರೆ ಮೊದಲು ನಾನು ಗದರುತ್ತಿದ್ದೆ. ಆ ವಾರ ಯಾರನ್ನೂ ಗದರಲಿಲ್ಲ. ಬಂದ ಕೂಡಲೇ ಹೇಳುತ್ತೇನೆ, ಹೆದರಬೇಡಿ ಎನ್ನುತ್ತಿದ್ದೆ. ಸುಣ್ಣ ಎಷ್ಟು ಹಾಕಬೇಕೆಂದು ಕೇಳಲು ಫೋನು ಮಾಡಿದವನಿಗೆ ನಾನು ಧೈರ್ಯ ಹೇಳಿದ್ದು ಕೇಳಿ ಅವನಿಗೇ ಗಾಬರಿಯಾಗಿರಬೇಕು.

ಇನ್ನು ಕ್ಯಾಲೆಂಡರಿನ ವಿಷಯಕ್ಕೆ ಬರಬೇಕು, ಅದನ್ನು ಹೇಳದೆ ನನ್ನ ಎಡವಟ್ಟು ನಿಮಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಮದುವೆಗೋ ಗೃಹಪ್ರವೇಶಕ್ಕೋ ಮನೆಮನೆಗೆ ಹೋಗಿ ಕರೆಯುವುದಕ್ಕೆ ಹೇಳಿಕೆ ಎನ್ನುತ್ತಾರೆ. ಕಾಗದ ಎಷ್ಟೇ ಚಂದ ಅಚ್ಚು ಹಾಕಿಸಿರಲಿ, ಜಗಲಿಯಲ್ಲಿ ಕೂತು, ಕೊಟ್ಟ ನೀರು ಕುಡಿದು, "ಮನೆಯವರೆಲ್ಲ ಬರಬೇಕು" ಎಂದು ಬಾಯಲ್ಲಿ ಹೇಳದಿದ್ದರೆ ಕರೆದ ಹಾಗಲ್ಲ. ಬಂದ ಹೇಳಿಕೆಗೆ "ಬರುವುದಿಲ್ಲ" ಎನ್ನುವ ಕ್ರಮವೂ ಇಲ್ಲ. ನೋಡುವ, ಬರಲಿಕ್ಕೆ ನೋಡುತ್ತೇನೆ ಎನ್ನಬೇಕು. ಆ ದಿನ ಐದು ನಿಮಿಷಕ್ಕಾದರೂ ಹೋಗಿ ಮೋರೆ ತೋರಿಸಿ ಬರಬೇಕು. ಒಂದೇ ದಿನ ಮೂರು ಮದುವೆಯಿದ್ದರೆ ಒಂದು ಕಡೆ ತಾಳಿ, ಒಂದು ಕಡೆ ಊಟ, ಒಂದು ಕಡೆ ಬರೀ ಮೋರೆ.

ನಮ್ಮ ಮ್ಯಾನೇಜರು ಕಚೇರಿಯ ಕ್ಯಾಲೆಂಡರನ್ನೂ ಇದೇ ಕ್ರಮದಲ್ಲಿ ನಡೆಸುವವರು. ಮೂರೂ ಶಾಖೆಯವರು ನೋಡಲೆಂದು ನಾನು ಆ ಕ್ಯಾಲೆಂಡರ್ ಮಾಡಿಕೊಟ್ಟ ದಿನವೇ ಹೇಳಿದ್ದೆ, ಮೀಟಿಂಗಿಗೆ ಕರೆ ಬಂದರೆ ಕೆಳಗೆ ಹೌದು, ಇಲ್ಲ ಎಂದು ಇರುತ್ತದೆ, ಒಂದನ್ನು ಒತ್ತಿದರಾಯಿತು ಎಂದು.

"ಈ ಇಲ್ಲ ಅಂತ ಇಟ್ಟದ್ದು ಯಾರು? ಹೇಳಿಕೆ ಹೇಳ್ಲಿಕ್ಕೆ ಬಂದವರ ಮೋರೆಗೆ ಬಾಗಿಲು ಹಾಕುದಾ?" ಎಂದು ಅವರು ನನ್ನನ್ನೇ ತರಾಟೆಗೆ ತೆಗೆದುಕೊಂಡರು, ನಾನೇ ಇಟ್ಟ ಹಾಗೆ.

ಹಾಗಾಗಿ ಬಂದ ಕರೆಗಳಿಗೆಲ್ಲ ಹೌದು. ಹತ್ತು ಗಂಟೆಗೆ ಸುಳ್ಯ, ಹತ್ತು ಗಂಟೆಗೆ ಕಡಬ, ಹತ್ತು ಗಂಟೆಗೆ ಪುತ್ತೂರು, ಮೂರಕ್ಕೂ ಹೌದು! ಪುತ್ತೂರಿನಲ್ಲಿ ಮೋರೆ ತೋರಿಸಿ, ಕಡಬಕ್ಕೆ ಹೋಗುವಾಗ ಅಲ್ಲಿ ಮೀಟಿಂಗ್ ಮುಗಿದು ಚಾ ಕುಡಿಯುತ್ತಿರುತ್ತಾರೆ, ಇವರೂ ಕುಡಿಯುತ್ತಾರೆ. ಸುಳ್ಯ ತಲುಪುವಾಗ ಕಚೇರಿಗೆ ಬೀಗ. ಬೀಗದ ಎದುರು ನಿಂತು ಟೆಕ್ನಿಶಿಯನ್‌ಗೆ ಫೋನು ಮಾಡಿ "ನಾನು ಬಂದಿದ್ದೆ ಮಾರಾಯ, ಮತ್ತೆ ಬರ್ಲಿಲ್ಲ ಅಂತ ಹೇಳ್ಬೇಡ" ಎನ್ನುತ್ತಾರೆ. ಯಾವುದೋ ಊರಿನ ಸಾಫ್ಟ್‌ವೇರ್ ಮಾರುವವರು ಸಾವಿರಾರು ಜನಕ್ಕೆ ಕಳಿಸಿದ ಆನ್‌ಲೈನ್ ಸಭೆಯ ಕರೆಗೂ ಹೌದು ಒತ್ತಿದ್ದರು. ಆ ಸಭೆಗೆ ಬಂದ ಏಕೈಕ ವ್ಯಕ್ತಿ ಇವರು! ಎರಡು ಗಂಟೆ ಕೇಳಿ, ಕೊನೆಗೆ "ಒಳ್ಳೆದಾಯ್ತು, ಕಾರ್ಯಕ್ರಮ ಚಂದ ಆಯ್ತು" ಎಂದು ಹೇಳಿ ಬಂದರು.

ತಾನು ಕರೆಯುವಾಗಲೂ ಹಾಗೇ. ಕ್ಯಾಲೆಂಡರಿನಲ್ಲಿ ಕಳಿಸಿದ ಮೇಲೆ ಒಬ್ಬೊಬ್ಬರಿಗೂ ಫೋನು ಮಾಡಿ "ಸೋಮವಾರ ತಿಂಗಳ ಮೀಟಿಂಗು. ಕ್ಯಾಲೆಂಡರಲ್ಲಿ ಹಾಕಿದ್ದೇನೆ, ಆದ್ರೂ ಬಾಯಲ್ಲಿ ಹೇಳದಿದ್ರೆ ಆಗುದಿಲ್ಲ ಅಲ್ವಾ? ಎಲ್ರೂ ಬರ್ಬೇಕು, ಮನೆಯವರನ್ನೂ ಕರ್ಕೊಂಡು ಬರ್ಬೇಕು" ಎನ್ನುತ್ತಾರೆ. ಸುಳ್ಯಕ್ಕೆ ಹೊಸದಾಗಿ ಬಂದ ಟೆಕ್ನಿಶಿಯನ್ ಇದನ್ನು ನಂಬಿ ಹೆಂಡತಿ, ಎರಡು ಮಕ್ಕಳು, ಅತ್ತೆ ಸಮೇತ ಮೀಟಿಂಗಿಗೆ ಬಂದ! ನಾನು ಎಲ್ಲಿ ಕೂರಿಸುವುದೆಂದು ಕುರ್ಚಿ ಹುಡುಕುತ್ತಿದ್ದರೆ ಮ್ಯಾನೇಜರು ಸ್ವಲ್ಪವೂ ಅಲುಗಾಡಲಿಲ್ಲ. ಅವರು ಚಾದ ಜೊತೆ ತಿನ್ನುವ ಗೋಳಿಬಜೆಯನ್ನು ಮೊದಲೇ ಜಾಸ್ತಿ ತರಿಸಿದ್ದರು. ಇದರ ಪರಿಣಾಮ ಏನೆಂದರೆ ಸುಳ್ಯ, ಕಡಬದವರು ಕ್ಯಾಲೆಂಡರ್ ತೆರೆಯುವುದೇ ಇಲ್ಲ, ಬಾಯಿಹೇಳಿಕೆಗೆ ಕಾಯುತ್ತಾರೆ. ಕ್ಯಾಲೆಂಡರನ್ನು ಭಕ್ತಿಯಿಂದ ನೋಡುವವರು ಮ್ಯಾನೇಜರು ಒಬ್ಬರೇ.

ಆ ಮಂಗಳವಾರ ಆಸ್ಪತ್ರೆಯ ಮೇಲ್ ಬಂತು. ಗಂಟಿನ ರಿಪೋರ್ಟು ಗುರುವಾರ ಈ ಐಡಿಗೆ ಕಳಿಸುತ್ತೇವೆ, ಶುಕ್ರವಾರ ಹತ್ತೂವರೆಗೆ ಡಾಕ್ಟರನ್ನು ಕಾಣಬೇಕು ಎಂದಿತ್ತು. ಕೆಳಗೆ ಕ್ಯಾಲೆಂಡರಿಗೆ ಸೇರಿಸಿ ಎಂದು ಒಂದು ಗುಂಡಿ. ಒತ್ತಿದೆ. ನನ್ನ ಕ್ಯಾಲೆಂಡರಿಗೋ ಕಚೇರಿಯದ್ದಕ್ಕೋ ಎಂದು ಕೇಳಿತು. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಸಲ ಕಚೇರಿಯದ್ದು ಎಂದು ಒತ್ತಿದ್ದೇನೋ, ಬೆರಳು ಅದನ್ನೇ ಒತ್ತಿತು. ಎಲ್ಲರಿಗೂ ತಿಳಿಸುವುದೇ? ಅದಕ್ಕೂ ಹೌದು ಎಂದು ಒತ್ತಿತು! ಪರದೆಯ ಮೇಲೆ ಶುಕ್ರವಾರದ ಚೌಕದಲ್ಲಿ, ಸುಳ್ಯದ ಮೀಟಿಂಗಿನ ಪಕ್ಕದಲ್ಲಿ, ನನ್ನ ಹೆಸರು, ಆಸ್ಪತ್ರೆಯ ಹೆಸರು, ಯಾವ ವಿಭಾಗ, ಯಾವ ಪರೀಕ್ಷೆ, ರಿಪೋರ್ಟು ಎಲ್ಲಿಗೆ ಬರುತ್ತದೆ, ಎಲ್ಲ ಕಿತ್ತಳೆ ಬಣ್ಣದಲ್ಲಿ ಮೂಡಿ ನಿಂತಿತು.

ಅಳಿಸುವ ಗುಂಡಿ ಎಲ್ಲಿದೆ ಎಂದು ಮೂರು ಊರಿಗೆ ಕಲಿಸಿದವಳಿಗೆ ಆಗ ಅದು ಕಾಣಲೇ ಇಲ್ಲ! ಹುಡುಕಿ ಅಳಿಸುವಾಗ ಮೂರು ನಿಮಿಷ ಆಗಿತ್ತು. ಬೆವರು ಒರೆಸಿಕೊಂಡು ಮೆಲ್ಲನೆ ತಿರುಗಿ ನೋಡಿದೆ. ಮ್ಯಾನೇಜರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ತಮ್ಮ ಪರದೆ ನೋಡುತ್ತಿದ್ದರು. ಯಾರಿಗೋ ಉತ್ತರ ಬರೆಯುತ್ತಿರಬೇಕು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತಿ ಕೇಳಿದರು:

"ಬೆಳ್ಳಾರೆಯಲ್ಲೂ ಹೀಗೇ ಸೆಕೆ ಉಂಟಾ?"

"ಉಂಟು ಸರ್."

ಅಷ್ಟೇ. ಬದುಕಿದೆ ಎಂದುಕೊಂಡೆ. ಇವರು ನೋಡಿದ್ದರೆ ಇಷ್ಟು ಹೊತ್ತಿಗೆ ನೂರು ಪ್ರಶ್ನೆ ಕೇಳುತ್ತಿದ್ದರು. ಆದರೂ ಆ ದಿನ ಪೂರ್ತಿ ಅವರು ಕೆಮ್ಮಿದರೆ ನನಗೆ ಬೆಚ್ಚಿಬೀಳುವ ಹಾಗಾಗುತ್ತಿತ್ತು. ಸಂಜೆ ಹೊರಡುವಾಗ ಪಟ್ಟಿ ಶೇಕಡಾ ತೊಂಬತ್ತೇಳು ತೋರಿಸುತ್ತಿತ್ತು. ಮರುದಿನ ಕಡಬದಿಂದ ಸುಣ್ಣದ ಶಿಬಿರದ ಫೋಟೋ ಬರುವುದಿತ್ತು. ಅವು ಬಂದರೆ ನೂರು ಖಂಡಿತ.

ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ಭಾಷಣವನ್ನೇ ತಯಾರು ಮಾಡಿಕೊಂಡು ಬಂದಿದ್ದೆ. ಸರ್, ಇವತ್ತು ನೀವು ಅಳಿಸದಿದ್ದರೆ ನಾನು ಕೆಲಸ ಬಿಡುತ್ತೇನೆ, ಎಂದು ಅದರ ಮೊದಲ ವಾಕ್ಯ. ಕಚೇರಿಗೆ ಕಾಲಿಟ್ಟರೆ ಮ್ಯಾನೇಜರು ನನ್ನ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತಿದ್ದಾರೆ!

"ಇದನ್ನು ಅಳಿಸುದು ಹೇಗೆ? ಒಮ್ಮೆ ತೋರ್ಸು."

ನನ್ನ ಕಿವಿ ನಾನು ನಂಬಲಿಲ್ಲ. ತೋರಿಸಿದೆ. ಅವರು ಶುರು ಮಾಡಿದರು. ಆದರೆ ಹೇಗೆ? ಒಂದೊಂದನ್ನೂ ತೆರೆದು, ಪೂರ್ತಿ ಓದಿ, "ಆಯ್ತು, ಹೋಗಿ ಬನ್ನಿ" ಎಂದು ಹೇಳಿ ಅಳಿಸುವುದು. ಗೊಬ್ಬರದವನ ಹದಿನಾಲ್ಕೂ ಉತ್ತರಗಳಿಗೆ ಹದಿನಾಲ್ಕು ಸಲ ಹೋಗಿ ಬನ್ನಿ! ಒಂದು ಗಂಟೆಗೆ ನಲವತ್ತು ಮೇಲ್. ಇದ್ದದ್ದು ಹತ್ತೊಂಬತ್ತು ಸಾವಿರ. ನಾನು ಮನಸ್ಸಿನಲ್ಲೇ ಭಾಗಿಸಿ ನೋಡಿ ಸುಸ್ತಾದೆ. ಈ ಲೆಕ್ಕದಲ್ಲಿ ನನ್ನ ರಿಪೋರ್ಟು ಬರುವಾಗ ಮಗಳು ಡಿಗ್ರಿ ಮುಗಿಸಿರುತ್ತಾಳೆ.

ಹನ್ನೊಂದು ಗಂಟೆಗೆ ಅವರೇ ಕೈ ನಿಲ್ಲಿಸಿದರು. ಪಟ್ಟಿಯನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು.

"ಎಲ್ಲ ಒಟ್ಟಿಗೆ ಕಳಿಸ್ಲಿಕ್ಕೆ ಆಗುದಿಲ್ವಾ?"

"ಆಗ್ತದೆ ಸರ್. ಆದ್ರೆ ವಾಪಸ್ ಸಿಕ್ಕುದಿಲ್ಲ. ತೋಟದವರ ರಿಪೋರ್ಟು ಮಾತ್ರ ನಮ್ಮ ಬೇರೆ ಕಂಪ್ಯೂಟರಲ್ಲಿ ಉಂಟು."

"ನೆಲ್ಯಾಡಿಯದ್ದು?"

"ಅದೂ ಹೋಗ್ತದೆ."

ಅವರು ಪಟ್ಟಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ನಾನು ತೋರಿಸಿದ ಗುಂಡಿ ಒತ್ತಿದರು. ಕಸದ ಬುಟ್ಟಿಯನ್ನೂ ಅವರೇ ಖಾಲಿ ಮಾಡಿದರು. ತೊಂಬತ್ತೇಳು ನೋಡನೋಡುತ್ತಾ ಇಳಿದು ನಲವತ್ತೊಂದಾಯಿತು, ಪಟ್ಟಿ ನೀಲಿಯಾಯಿತು. ಅವರು ಎದ್ದು ಲ್ಯಾಬಿನ ಹಿಂದಿನ ಕೋಣೆಗೆ ಹೋದರು. ನಾನೋ, ಹನ್ನೊಂದು ವರ್ಷದ ನನ್ನ ಉಪದೇಶ ಕೊನೆಗೂ ಫಲಿಸಿತು ಎಂದು ಬೀಗಿ ಸುಳ್ಯ, ಕಡಬ ಎರಡಕ್ಕೂ ಫೋನು ಮಾಡಿ ಕೊಚ್ಚಿಕೊಂಡೆ! ಬುದ್ಧಿ ಎಲ್ಲಿಟ್ಟಿದ್ದೆನೋ.

ಗುರುವಾರ ಹನ್ನೊಂದೂ ಇಪ್ಪತ್ತಕ್ಕೆ ರಿಪೋರ್ಟು ಬಂತು. ಯಾವುದಕ್ಕೆ ಇಷ್ಟು ದಿನ ಒದ್ದಾಡಿದೆನೋ ಅದನ್ನು ತೆರೆಯಲು ನನ್ನಿಂದ ಆಗಲಿಲ್ಲ. ಅದು ದಪ್ಪ ಅಕ್ಷರದಲ್ಲಿ ಎಲ್ಲಕ್ಕಿಂತ ಮೇಲೆ ಕೂತಿತ್ತು, ನಾನು ಅದರ ಕೆಳಗಿನ ಮೇಲ್‌ಗಳನ್ನೆಲ್ಲ ತೆರೆದು ತೆರೆದು ಓದಿದೆ. ಸಂಜೆ ಶುಕ್ರವಾರದ ರಜೆಚೀಟಿ ಬರೆದುಕೊಟ್ಟೆ, ಸ್ವಂತ ಕೆಲಸ ಎಂದು. ಸಾಮಾನ್ಯಕ್ಕೆ ರಜೆಯೆಂದರೆ ಎಲ್ಲಿಗೆ, ಯಾರ ಮನೆಗೆ, ಅವರು ನಮಗೆ ಏನಾಗಬೇಕು ಎಂದು ಜಾತಕ ಜಾಲಾಡುವವರು ಆ ದಿನ ತಲೆಯೆತ್ತದೆ ಸಹಿ ಹಾಕಿದರು. ನನಗೆ ಅದರಲ್ಲೂ ಸಂಶಯ ಬರಲಿಲ್ಲ.

ಶುಕ್ರವಾರ ಆಸ್ಪತ್ರೆಯ ಎರಡನೇ ಮಹಡಿಗೆ ಹತ್ತಿ ಹೋದರೆ ಡಾಕ್ಟರ ಕೋಣೆಯ ಎದುರಿನ ಬೆಂಚಿನಲ್ಲಿ ಮ್ಯಾನೇಜರು ಕೂತಿದ್ದರು. ಮದುವೆಗಳಿಗೆ ಹಾಕುವ ಬಿಳಿ ಅಂಗಿ, ಇಸ್ತ್ರಿ ಮಾಡಿದ ಪಂಚೆ.

"ಸರ್! ನೀವೆಂತ ಇಲ್ಲಿ?"

"ಎಂತ ಅಂದ್ರೆ? ಹೇಳಿಕೆ ಬಂದಿತ್ತು."

"ಅದು ನನ್ನ ಕೈತಪ್ಪಿ ಹೋದದ್ದು ಸರ್. ಮೂರು ನಿಮಿಷದಲ್ಲಿ ಅಳಿಸಿದ್ದೆ."

"ಅಳಿಸಿದ್ದೂ ಕಂಡಿತು. ಹೇಳಿಕೆ ಕಿವಿಗೆ ಬಿದ್ದ ಮೇಲೆ ಬಾರದೆ ಇರ್ಲಿಕ್ಕೆ ಆಗ್ತದಾ?" ಎಂದವರು ನನ್ನ ಮೋರೆ ನೋಡದೆ, ಎದುರಿನ ಗೋಡೆ ನೋಡುತ್ತಾ ಹೇಳಿದರು. "ನಿನಗೆ ಬೇಡ ಅಂತಾದ್ರೆ ಹೇಳು, ಕೆಳಗೆ ಕ್ಯಾಂಟೀನಲ್ಲಿ ಕೂತಿರ್ತೇನೆ. ಬಂದದ್ದಂತೂ ಬಂದಾಯ್ತು."

ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಅಷ್ಟು ಹೊತ್ತಿಗೆ ತಲೆಯೊಳಗೆ ಏನೋ ಹೊಳೆಯಿತು.

"ಮೊನ್ನೆ ಮೇಲ್ ಎಲ್ಲ ಅಳಿಸಿದ್ರಲ್ಲ ಸರ್..."

"ಮತ್ತೆ? ರಿಪೋರ್ಟು ಮೇಲಲ್ಲಿ ಬರುದು ಅಂತ ಅದ್ರಲ್ಲೇ ಬರೆದಿತ್ತು. ಅದಕ್ಕೆ ಜಾಗ ಬೇಡ್ವಾ?"

ಅವರ ಫೋನು ಬಡಿದುಕೊಳ್ಳುತ್ತಲೇ ಇತ್ತು. ಆ ದಿನ ಸುಳ್ಯದಲ್ಲೊಂದು, ಪುತ್ತೂರಿನಲ್ಲೊಂದು ಮೀಟಿಂಗ್ ಇದ್ದದ್ದು ನನಗೆ ಗೊತ್ತಿತ್ತು. ಅವರು ಫೋನನ್ನು ಬಂದ್ ಮಾಡಿ ಕಿಸೆಗೆ ಹಾಕಿಕೊಂಡರು. ನನ್ನ ಹೆಸರು ಕರೆದಾಗ ನರ್ಸ್ ಕೇಳಿದಳು, ಜೊತೆಗೆ ಯಾರಿದ್ದಾರೆ ಎಂದು. ಮಾವ ಇದ್ದಾರೆ ಎಂದೆ.

ಡಾಕ್ಟರು ನಿಧಾನವಾಗಿ ವಿವರಿಸಿದರು. ಗಂಟು ಕೆಟ್ಟ ಜಾತಿಯದ್ದೇ. ಆದರೆ ಸಣ್ಣದಿದೆ, ಬೇಗ ಬಂದಿದ್ದೀರಿ, ಆಪರೇಷನ್ ಮಾಡಿ ಆಮೇಲೆ ಕೆಲವು ತಿಂಗಳು ಔಷಧ ಕೊಟ್ಟರೆ ಗುಣವಾಗುವ ಹಂತದಲ್ಲಿದೆ ಎಂದರು. ನನಗೆ ಮೊದಲ ವಾಕ್ಯದ ಮೇಲೆ ಏನೂ ಕೇಳಿಸಲಿಲ್ಲ. ಮಾವ ಎಲ್ಲವನ್ನೂ ಕೇಳಿ, ಎರಡೆರಡು ಸಲ ಕೇಳಿ, ಆಸ್ಪತ್ರೆಯ ಚೀಟಿಯ ಹಿಂದೆ ಬರೆದುಕೊಂಡರು. ಒಂದೇ ದಿನ ಮೂರು ಊರಿಗೆ ಮೋರೆ ತೋರಿಸಲು ಓಡುವ ಮನುಷ್ಯ ಮಧ್ಯಾಹ್ನ ಎರಡೂವರೆಯವರೆಗೆ ಒಂದೊಂದು ಕೌಂಟರಿನಲ್ಲೂ ನನ್ನ ಪಕ್ಕದಲ್ಲೇ ನಿಂತಿದ್ದರು. ಬಸ್ಸು ಹತ್ತುವ ಮೊದಲು ಕೇಳಿದರು:

"ಮನೆಯಲ್ಲಿ ಗೊತ್ತುಂಟಾ?"

"ಇಲ್ಲ ಮಾವ. ಸೋಮವಾರ ಮಗಳ ಪರೀಕ್ಷೆ ಮುಗೀತದೆ. ಮತ್ತೆ ಹೇಳ್ಬೇಕು. ಹೇಗೆ ಹೇಳುದು ಅಂತ ನನಗೆ ಗೊತ್ತಿಲ್ಲ. ಇವರು ತಡ್ಕೊಳ್ಳುದಿಲ್ಲ."

"ನೀನು ಹೇಳ್ಬೇಡ. ಸೋಮವಾರ ಸಂಜೆ ನಾನು ಬರ್ತೇನೆ."

ಸೋಮವಾರ ಸಂಜೆ ಬಂದರು. ಪರೀಕ್ಷೆ ಮುಗಿದ ಖುಷಿಯಲ್ಲಿ ಮಗಳು ಗೆಳತಿಯ ಮನೆಗೆ ಹೋಗಿದ್ದಳು. ನನ್ನ ಗಂಡ, ಏನು ಮಾವ ಅಪರೂಪಕ್ಕೆ ಎಂದು ನಗುತ್ತಾ ಕುರ್ಚಿ ತಂದಿಟ್ಟರು. ನಾನು ಒಳಗೆ ಹೋಗಿ ಚಾಕ್ಕೆ ನೀರಿಟ್ಟೆ. "ಒಂದು ವಿಷಯ ಹೇಳ್ಲಿಕ್ಕೆ ಬಂದದ್ದು, ಸ್ವಲ್ಪ ಹತ್ರ ಕೂತ್ಕೋ" ಎಂದು ಮಾವ ಹೇಳಿದ್ದು ಕೇಳಿಸಿತು. ಅದರ ಮುಂದಿನದ್ದು ಕೇಳುವುದು ಬೇಡವೆಂದು ನಾನು ನಳ್ಳಿ ಪೂರ್ತಿ ತಿರುಗಿಸಿ ತೊಳೆದ ಲೋಟಗಳನ್ನೇ ಪುನಃ ತೊಳೆಯುತ್ತಾ ನಿಂತೆ. ನೀರು ಕುದಿದು ಅರ್ಧಕ್ಕೆ ಇಳಿದಿತ್ತು.

ಚಾ ಹಿಡಿದುಕೊಂಡು ಹೊರಗೆ ಬಂದರೆ ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು. ಹೆಗಲು ಅಲುಗುತ್ತಿತ್ತು. ಮಾವ ಅವರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಅಂಗಳ ನೋಡುತ್ತಾ ಕೂತಿದ್ದರು. ನಾನು ಲೋಟಗಳನ್ನು ಕೆಳಗಿಟ್ಟು ಗಂಡನ ಇನ್ನೊಂದು ಪಕ್ಕದಲ್ಲಿ ಕೂತೆ. ಅಷ್ಟು ದಿನಗಳಲ್ಲಿ ಮೊದಲ ಸಲ ನನಗೆ ಅಳು ಬಂತು. ತಡೆಯಲಿಲ್ಲ, ಜೋರಾಗಿಯೇ ಅತ್ತೆ.